ಖಾಲಿ ತರಗತಿಯ ವೀಕ್ಷಕರು

ಅವರು ಸತ್ತರು ಅನ್ನೋ ಸುದ್ದಿ ಬಂದಾಗ ನಾನು ಅವರ ಫೋಟೋದ ಕೆಳಗೇ ಕೂತಿದ್ದೆ. ಫೋನ್ ಮಾಡಿದವನು ಕೆ.ಆರ್. ನಗರದ ನನ್ನ ಹಳೇ ಕ್ಲಾಸ್‌ಮೇಟು. "ನಿಮ್ಮ ಗುರುಗಳು ಹೋದ್ರು ಕಣೋ" ಅಂದ. ಗುರುಗಳು ಅಂದ ತಕ್ಷಣ ನನಗೆ ಮೈ ಉರೀತು. ಸತ್ತವರ ಬಗ್ಗೆ ಹೀಗೆಲ್ಲ ಹೇಳಬಾರದು, ಗೊತ್ತು. ಆದರೆ ಅವರೇ ಬದುಕಿದ್ದವರ ಬಗ್ಗೆ ಒಂದು ಒಳ್ಳೇ ಮಾತು ಆಡಿದವರಲ್ಲ, ಅದಕ್ಕೇ ಧೈರ್ಯವಾಗಿ ಬರೀತಿದ್ದೀನಿ.

ಎತ್ತರದ ಆಳು. ಜೇಬಿನಲ್ಲಿ ಎರಡು ಪೆನ್ನು, ಒಂದು ಕೆಂಪು, ಒಂದು ಹಸಿರು. ಹಸಿರು ಮಕ್ಕಳಿಗೆ, ಕೆಂಪು ಮೇಷ್ಟ್ರುಗಳಿಗೆ. ಮೈಸೂರಿನ ಟ್ರೈನಿಂಗ್ ಕಾಲೇಜಿನಲ್ಲಿ ಪ್ರೊಫೆಸರಾಗಿದ್ದರು. ಬಿ.ಎಡ್. ಮಾಡೋ ನಮ್ಮಂಥವರು ಹಳ್ಳಿ ಶಾಲೆಗಳಲ್ಲಿ ಪಾಠ ಹೇಳೋದನ್ನ ಬಂದು ನೋಡಿ, ವೀಕ್ಷಣಾ ಪುಸ್ತಕದಲ್ಲಿ ಬರೆದು, ಅಂಕ ಕೊಟ್ಟು ಹೋಗೋದು ಅವರ ಕೆಲಸ. ಬಂದವರು ಮೇಷ್ಟ್ರ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಕೊನೇ ಬೆಂಚಿನಲ್ಲಿ, ಮಕ್ಕಳ ಜೊತೆ, ಮೊಣಕಾಲು ಎದೆಗೆ ಬರೋ ಹಾಗೆ ಮಡಿಚಿಕೊಂಡು ಕೂರುತ್ತಿದ್ದರು. ಪಾಠ ಹೇಳೋನ ಕಡೆ ಒಂದು ಸಲಾನೂ ನೋಡುತ್ತಿರಲಿಲ್ಲ. ಅಕ್ಕಪಕ್ಕದ ಮಕ್ಕಳನ್ನೇ ನೋಡುತ್ತಿದ್ದರು.

ಅವರದ್ದೊಂದು ಅಭ್ಯಾಸವಿತ್ತು, ಅದನ್ನ ಇಲ್ಲೇ ಹೇಳಿಬಿಡ್ತೀನಿ. ಯಾವ ತರಗತಿಗೇ ಹೋಗಲಿ, ಮೊದಲು ನೋಟ್‌ಬುಕ್ ತೆಗೆದು ಬೆಂಚುಗಳ ನಕ್ಷೆ ಬರೆಯೋರು. ಒಂದೊಂದೇ ಮಗೂನ ಹೆಸರು ಕೇಳಿ, ಹಸಿರು ಪೆನ್ನಿನಲ್ಲಿ ಅದರದರ ಜಾಗದಲ್ಲಿ ತುಂಬಿಸೋರು. ಹತ್ತು ನಿಮಿಷದಲ್ಲಿ ನಲವತ್ತು ಹೆಸರು ಬಾಯಿಪಾಠ. "ಹೆಸರು ಗೊತ್ತಿಲ್ಲದ ಮಗುವಿಗೆ ಪಾಠ ಹೇಳೋನು ಗೋಡೆಗೆ ಹೇಳ್ತಾನೆ" ಅನ್ನೋರು. ಅಭ್ಯಾಸ ಒಳ್ಳೇದೇ, ಇಲ್ಲ ಅನ್ನಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ನನ್ನ ಸರದಿ ಬಂತು. ನನ್ನ ಹಣೆಬರಹಕ್ಕೆ, ಸಿಕ್ಕಿದ ಶಾಲೆ ಕಟ್ಟೆಮಳಲವಾಡಿಯದ್ದು, ನಮ್ಮೂರಿನದ್ದೇ. ನಾನು ಓದಿದ ಶಾಲೆ. ಏಳನೇ ಕ್ಲಾಸಿನಲ್ಲಿ ಕೂತಿದ್ದವರೆಲ್ಲ ನಮ್ಮ ಬೀದಿಯ ಮಕ್ಕಳು, ಅದರಲ್ಲಿ ನಮ್ಮಕ್ಕನ ಮಗಳೂ ಒಬ್ಬಳು. ನಮ್ಮವ್ವ ಹೊಗೆಸೊಪ್ಪು ಒಣಗಿಸೋ ಬ್ಯಾರನ್ನಿನಲ್ಲಿ ಸೊಪ್ಪು ಪೋಣಿಸೋ ಕೆಲಸಕ್ಕೆ ಹೋಗುತ್ತಿದ್ದವಳು. ಅವತ್ತು ರಜ ಹಾಕಿ, ಮಗ ಮೇಷ್ಟ್ರಾಗಿ ನಿಂತಿರೋದನ್ನ ನೋಡೋಕೆ ಅಂತ ಶಾಲೆ ಕಿಟಕಿ ಹತ್ತಿರ ಬಂದು ನಿಂತಿದ್ದಳು. ನಾನು ಹೊಸ ಶರ್ಟು ಹಾಕಿಕೊಂಡು ನದಿಗಳ ಪಾಠ ಶುರು ಮಾಡಿದೆ. ಕಾವೇರಿ ಹುಟ್ಟಿ ಇನ್ನೂ ಕೊಡಗು ದಾಟಿರಲಿಲ್ಲ, ಕೊನೇ ಬೆಂಚಿನಿಂದ ಅವರು ಎದ್ದರು.

"ಸಾಕು. ಇಳೀರಿ."

ನಾನು ಮೇಷ್ಟ್ರು ನಿಲ್ಲೋ ಹಲಗೆ ಮೇಲಿಂದ ಇಳಿದೆ. ಅವರೇ ಹತ್ತಿದರು. "ಈ ಊರಿನವರಂತೆ ನೀವು. ಇಷ್ಟು ಹೊತ್ತು 'ಏಯ್ ನೀನು, ಏಯ್ ಹುಡುಗಿ' ಅಂತ ಕರೆದ್ರಿ. ಒಂದು ಹೆಸರು ಬರಲಿಲ್ಲ ಬಾಯಲ್ಲಿ" ಅಂತ ಮಕ್ಕಳ ಎದುರಿಗೇ ಅಂದರು. ಆಮೇಲೆ ನಲವತ್ತೆರಡು ಮಕ್ಕಳನ್ನೂ ಹೆಸರು ಹಿಡಿದು ಕರೆದು, ನನ್ನ ಕಾವೇರಿಯನ್ನ ಸಮುದ್ರಕ್ಕೆ ಸೇರಿಸಿದರು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದವು. ನನ್ನ ಪುಸ್ತಕದಲ್ಲಿ ಫೇಲ್ ಅಂಕ ಕೊಟ್ಟು, ಕೆಂಪು ಶಾಯಿಯಲ್ಲಿ ಎರಡೇ ಸಾಲು ಬರೆದು ಸಹಿ ಹಾಕಿದರು. "ಪಾಠ ನಡೆಯಿತು. ತರಗತಿಯಲ್ಲಿ ಯಾರೂ ಇರಲಿಲ್ಲ."

ಕಿಟಕಿ ಹತ್ತಿರ ನೋಡಿದೆ, ಅವ್ವ ಹೊರಟುಹೋಗಿದ್ದಳು. ಮುಂದೆ ಎಷ್ಟೋ ವರ್ಷ ಊರಿನ ಹೈಕಳು ನನ್ನ ಬೆನ್ನ ಹಿಂದೆ "ಸಾಕು, ಇಳೀರಿ" ಅಂತ ಕೂಗಿ ಓಡಿಹೋಗೋವು. ಜಮೀನಿನಲ್ಲಿ ಒಂದಕ್ಕೆ ಕೂತಿದ್ದಾಗಲೂ ಬೇಲಿ ಆಚೆಯಿಂದ ಕೂಗಿದ್ದುಂಟು.

ನನಗೊಬ್ಬನಿಗೇ ಹೀಗೆ ಮಾಡಿದರು ಅಂತ ಅಂದುಕೋಬೇಡಿ. ಪಿರಿಯಾಪಟ್ಟಣದಲ್ಲಿ ಒಂದು ಸಲ ತಾಲ್ಲೂಕಿನ ಹೆಡ್‌ಮಾಸ್ಟರುಗಳನ್ನೆಲ್ಲ ಸೇರಿಸಿ ಇವರನ್ನ ಮುಖ್ಯ ಅತಿಥಿಯಾಗಿ ಕರೆದಿದ್ದರು. ಹಾರ ಹಾಕಿದರು, ಪೇಟ ಇಟ್ಟರು. ಇವರು ಮೈಕಿನ ಮುಂದೆ ನಿಂತು, "ಈ ವಾರ ಒಂದು ಪಿರಿಯಡ್ಡಾದರೂ ಪಾಠ ಮಾಡಿದ ಹೆಡ್‌ಮಾಸ್ಟರು ಕೈ ಎತ್ತಿ" ಅಂದರು. ಒಬ್ಬರೂ ಎತ್ತಲಿಲ್ಲ. "ತಿಂಗಳಲ್ಲಿ?" ಅಂದರು. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕರು ಅರ್ಧ ಕೈ ಎತ್ತಿದರು. ಇವರು ವೇದಿಕೆ ಇಳಿದು ಹೋಗಿ, ತಮ್ಮ ಹಾರ ಪೇಟ ಎರಡನ್ನೂ ಆ ಮುದುಕರಿಗೆ ಹಾಕಿ, ಹಾಗೇ ಬಸ್ ಸ್ಟ್ಯಾಂಡಿಗೆ ನಡೆದುಬಿಟ್ಟರು. ಊಟಕ್ಕೆ ಹೋಳಿಗೆ ಮಾಡಿಸಿದ್ದರು, ಪಾಪ.

ಶಾಲೆಯಲ್ಲಿ ಟೀ ತಂದುಕೊಟ್ಟರೆ, "ಇದನ್ನ ತಂದ ಮಗು ಯಾವ ಕ್ಲಾಸು? ಅಲ್ಲೀಗ ಯಾವ ಪಾಠ ನಡೀತಿದೆ?" ಅನ್ನೋರು. ಲೋಟ ಅಲ್ಲೇ ಆರಿಹೋಗೋದು. ಅವರ ಒಬ್ಬಳೇ ಮಗಳು ಬಿ.ಎಡ್. ಮಾಡುವಾಗ ಅವಳ ಪಾಠಕ್ಕೂ ಇವರೇ ಹೋಗಿ, ಪಾಸಿಗೆ ಬೇಕಾದಷ್ಟು ಕೊಟ್ಟು, ಅದರ ಮೇಲೆ ಒಂದು ಅಂಕ ಕೊಡಲಿಲ್ಲವಂತೆ. ಆ ಮನುಷ್ಯನ ಹೊಟ್ಟೆಯಲ್ಲಿ ಕರುಣೆ ಅನ್ನೋದು ಇರಲಿಲ್ಲ ಅಂತಲೇ ನಾವೆಲ್ಲ ನಂಬಿದ್ದೆವು.

ಹತ್ತು ಹನ್ನೆರಡು ವರ್ಷ ಕಳೀತು. ನಾನು ಹುಣಸೂರಿನ ಒಂದು ಖಾಸಗಿ ಬಿ.ಎಡ್. ಕಾಲೇಜಿನಲ್ಲಿ ಲೆಕ್ಚರರಾದೆ. ಕಾಲೇಜಿನ ಅಧ್ಯಕ್ಷರು ಹೊಗೆಸೊಪ್ಪಿನ ವ್ಯಾಪಾರದಲ್ಲಿ ಬೆಳೆದವರು. ಆಗ ಎಲ್ಲೆಲ್ಲೂ ಹೊಸ ಕೋರ್ಸುಗಳ ಗಾಳಿ. ನಮ್ಮವರಿಗೂ ಹೆಡ್‌ಮಾಸ್ಟರುಗಳಿಗೆ ಬೋಧನಾ ನಾಯಕತ್ವ ಕಲಿಸೋ ಸ್ನಾತಕೋತ್ತರ ಕೋರ್ಸು ತೆಗೀಬೇಕು ಅಂತ ಆಸೆ ಹುಟ್ಟಿತು. ಬಡ್ತಿಗೆ ಅನುಕೂಲ ಆಗುತ್ತೆ, ಮೇಷ್ಟ್ರುಗಳು ಬಂದು ಬೀಳ್ತಾರೆ ಅಂತ ಲೆಕ್ಕಾಚಾರ. ಆದರೆ ಕೋರ್ಸಿನ ಮುಖ್ಯಸ್ಥರಾಗಿ ಡಾಕ್ಟರೇಟ್ ಇರೋ ಒಬ್ಬ ಹಿರಿಯ ಪ್ರೊಫೆಸರು ಬೇಕೇ ಬೇಕು, ಇಲ್ಲದಿದ್ದರೆ ಮಾನ್ಯತೆ ಸಿಗಲ್ಲ. ಪೇಪರಿನಲ್ಲಿ ಎರಡು ಸಲ ಜಾಹೀರಾತು ಹಾಕಿದೆವು. ಮೈಸೂರು ಬಿಟ್ಟು ಹುಣಸೂರಿಗೆ ಯಾರೂ ಬರಲಿಲ್ಲ.

ನನ್ನ ಡಾಕ್ಟರೇಟ್ ಪ್ರಬಂಧ ಒಪ್ಪಿಸಿಯಾಗಿತ್ತು, ಫಲಿತಾಂಶ ಬರಬೇಕಿತ್ತು. ಒಂದು ವರ್ಷ ಯಾರೂ ಸಿಗದೇ ಹೋದರೆ ಆ ಕುರ್ಚಿ ನನಗೇ ಅಂತ ನಾನು ಮನಸ್ಸಿನಲ್ಲಿ ಮಂಡಿಗೆ ತಿನ್ನುತ್ತಿದ್ದೆ. ಅಷ್ಟರಲ್ಲಿ ಒಂದಿನ ಅಧ್ಯಕ್ಷರು ಕರೆದು, "ಸಾ, ಮಿರ್ಲೇಲಿ ಯಾರೋ ಒಬ್ರು ರಿಟೈರಾದ ಪ್ರೊಪೇಸರ್ ಅವ್ರಂತಲ್ಲ, ಬಾಳ ದೊಡ್ಡೋರಂತೆ. ಓಗಿ ಎಂಗಾರಾ ಮಾಡಿ ಒಪ್ಪುಸ್ಕೊಂಡ್ ಬನ್ನಿ" ಅಂದರು. ಅದು ಯಾರು ಅಂತ ನಾನು ಕೇಳಬೇಕಾಗಿರಲಿಲ್ಲ.

ಹೋದೆ. ಹೋಗದೇ ವಿಧಿ ಇರಲಿಲ್ಲ. ಮಿರ್ಲೆಯ ಮನೆ ಜಗಲಿಯಲ್ಲಿ ಪಂಚೆ ಉಟ್ಟು ಕೂತಿದ್ದರು. ವಿಷಯ ಹೇಳಿದೆ. ಮುಗಿಸೋಕೂ ಬಿಡಲಿಲ್ಲ, ಎದ್ದು ಒಳಗೆ ಹೋದರು. ಟ್ರಂಕು ಎಳೆಯೋ ಸದ್ದು ಕೇಳಿಸಿತು. ಕೈತುಂಬ ಕಾಗದ ತಂದು ನನ್ನ ಮುಂದೆ ಹರಡಿದರು. ಕೈಯಲ್ಲೇ ಬರೆದ ಪಠ್ಯಕ್ರಮ, ಇಪ್ಪತ್ತು ವರ್ಷದಷ್ಟು ಹಳೇದು. ಮೇಲಿನವರಿಗೆ ಎರಡು ಸಲ ಕಳಿಸಿ ಎರಡು ಸಲವೂ ವಾಪಸು ಬಂದಿತ್ತಂತೆ.

"ಹೆಡ್‌ಮಾಸ್ಟರಾದ ದಿನ ನಮ್ಮೋರು ಪಾಠ ಬಿಡ್ತಾರೆ ಕಣ್ರೀ. ಟವೆಲ್ ಹಾಸಿದ ಕುರ್ಚಿ ಹತ್ತಿ ಕೂತ್ಬಿಡ್ತಾರೆ. ನನ್ನ ಕೋರ್ಸಿಗೆ ಸೇರೋ ಹೆಡ್‌ಮಾಸ್ಟರು ದಿನಕ್ಕೊಂದು ಪಿರಿಯಡ್ ಪಾಠ ಮಾಡಬೇಕು, ಅವರ ಕೈಕೆಳಗಿನ ಮೇಷ್ಟ್ರುಗಳು ಹಿಂದೆ ಕೂತು ನೋಡಬೇಕು. ಇದೊಂದು ಆಗಿಬಿಟ್ರೆ ಸಾಕು, ನನಗಿನ್ನೇನೂ ಬೇಡ" ಅಂದರು. ಹಾಗನ್ನುತ್ತಾ ಕಾಗದಗಳ ಮಡಿಕೆಗಳನ್ನ ಅಂಗೈಯಿಂದ ತೀಡಿ ತೀಡಿ ನೇರ ಮಾಡುತ್ತಿದ್ದರು. ಆ ಕೆಂಪು ಪೆನ್ನಿನ ಮನುಷ್ಯ ಹೀಗೆ ಆಸೆಪಡೋದನ್ನ ನೋಡಿ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ನನ್ನ ಮುಖ ನೋಡಿ ಕೇಳಿದರು. "ನೀವು ನನ್ನ ಸ್ಟೂಡೆಂಟಾ?"

"ಹೌದು ಸಾರ್. ಕಟ್ಟೆಮಳಲವಾಡಿ ಶಾಲೇಲಿ ನನ್ನ ಪಾಠ ನೋಡಿದ್ರಿ. ಫೇಲ್ ಮಾಡಿದ್ರಿ."

ಅವರಿಗೆ ನೆನಪೇ ಇರಲಿಲ್ಲ. ಸ್ವಲ್ಪ ಯೋಚನೆ ಮಾಡಿ, "ಮಾಡಿದ್ರೆ ಸರಿಯಾಗೇ ಮಾಡಿರ್ತೀನಿ ಬಿಡಿ" ಅಂದರು. ಅಷ್ಟೇ. ನಾನು ಹನ್ನೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದು ಅವರ ತಲೆಯಲ್ಲಿ ಒಂದು ಸಾಸಿವೆಯಷ್ಟೂ ಜಾಗ ಹಿಡಿದಿರಲಿಲ್ಲ.

ಅರ್ಜಿ, ಸರ್ಟಿಫಿಕೇಟುಗಳ ಪ್ರತಿ ಎಲ್ಲವನ್ನೂ ಕವರಿಗೆ ಹಾಕಿ ಕೊಟ್ಟರು. ಜೊತೆಗೆ ಒಂದು ಷರತ್ತು. "ಕಾಗದ ನೋಡಿ ನನ್ನನ್ನ ತಗೋಬೇಡಿ. ಬೋಧನೆಗೆ ನಾಯಕ ಆಗೋನು ಮೊದಲು ಬೋಧಿಸಿ ತೋರಿಸಬೇಕು. ಒಂದು ಶಾಲೆಗೆ ಕರ್ಕೊಂಡು ಹೋಗಿ. ನೀವೆಲ್ಲ ಹಿಂದೆ ಕೂತು ನೋಡಿ. ಸರಿ ಬಂದ್ರೆ ಮಾತ್ರ ಆರ್ಡರ್ ಕೊಡಿ. ಸುಲಭದ ಶಾಲೆ ಬೇಡ, ನಿಮಗೆ ಗೊತ್ತಿರೋದರಲ್ಲಿ ಎಲ್ಲಕ್ಕಿಂತ ಕಷ್ಟದ್ದು ಹುಡುಕಿ."

ಅಧ್ಯಕ್ಷರಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. "ಈ ವಯಸ್ಸಲ್ಲಿ ಇದೇನ್ ಸಾ ಅವ್ರಿಗೆ ಗಾಚಾರ! ಮಾಡ್ಲಿ ಬುಡಿ, ನೋಡಾನ. ಅಂಗೇ ಒಂದಿನ ಕಾರಲ್ಲಿ ಯಾವ್ದಾರಾ ಅಳ್ಳಿ ಕಡೆ ಓಗ್ಬಂದಂಗಾಯ್ತದೆ." ಶಾಲೆ ಆರಿಸೋ ಕೆಲಸ ನನಗೇ ಬಂತು.

ಈಗ ಹೇಳೋದನ್ನ ನಾನು ನನ್ನ ಹೆಂಡತಿಗೂ ಹೇಳಿಲ್ಲ. ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನಲ್ಲಿ ಆದಿವಾಸಿಗಳ ಒಂದು ಹಾಡಿಯ ಶಾಲೆ ನನಗೆ ಗೊತ್ತಿತ್ತು. ಸರ್ಕಾರದವರು ಕಾಡಿನೊಳಗಿಂದ ಎಬ್ಬಿಸಿ ಹೊರಗೆ ತಂದು ಕೂರಿಸಿದ ಮನೆಗಳ ಮಕ್ಕಳು ಅಲ್ಲಿ ಓದುತ್ತಿದ್ದವು. ಹಿಂದಿನ ವರ್ಷ ನಮ್ಮ ಬಿ.ಎಡ್. ಬ್ಯಾಚನ್ನ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ನಮ್ಮ ಒಬ್ಬಳು ಹುಡುಗಿ ಹೋದ ತಕ್ಷಣ ನೋಟ್‌ಬುಕ್ ತೆಗೆದು ಹೆಸರು ಬರೆದುಕೊಳ್ಳೋಕೆ ಶುರು ಮಾಡಿದಳು. ಮಕ್ಕಳೆಲ್ಲ ಎದ್ದು ಓಡಿಹೋದವು. ಅಲ್ಲಿನ ಮೇಷ್ಟ್ರು, ಹುಣಸೂರು ಕಡೆಯ ಒಬ್ಬ ಸಾಧು ಮನುಷ್ಯ, ಆಗ ಹೇಳಿದರು. "ಪ್ಯಾಂಟ್ನೋರು ಬಂದು ಎಸ್ರು ಬರ್ಕೊಂಡ್ರೆ ಇಂದೇನೇ ಲಾರಿ ಬತ್ತದೆ ಅಂತ ಅವ್ಕೆ ಭಯ ಕಣ್ರೀ ಸಾ. ಕಾಡಲ್ಲಿದ್ದಾಗ ಅಂಗೇ ಆಯ್ತಂತೆ. ನಾನೇ ಆಜ್ರಿ ಕೂಗಲ್ಲ. ಸಂಜೆ ಅವೆಲ್ಲ ಮನೀಗೋದ್ಮೇಲೆ ನೆಪ್ಪು ಮಾಡ್ಕೊಂಡು ಬರೀತೀನಿ."

ಪ್ರೊಫೆಸರರಿಗೆ ನಾನು ಹೇಳಬೇಕಾಗಿದ್ದದ್ದು ಒಂದೇ ಒಂದು ಮಾತು: ಹೆಸರು ಬರೀಬೇಡಿ ಸಾರ್. ಹುಣಸೂರಿನಿಂದ ಕೋಟೆಗೆ ಕಾರಿನಲ್ಲಿ ಅವರ ಪಕ್ಕದಲ್ಲೇ ಕೂತಿದ್ದೆ. ಜೇಬಿನಲ್ಲಿ ಹಸಿರು ಪೆನ್ನು ಕಾಣುತ್ತಿತ್ತು, ತೊಡೆ ಮೇಲೆ ಹೊಸ ನೋಟ್‌ಬುಕ್ ಇತ್ತು. ದಾರಿಯುದ್ದಕ್ಕೂ ಹವಾ ಹೇಗಿದೆ, ಜೋಳದ ಬೆಳೆ ಹೇಗಿದೆ ಅಂತ ಮಾತಾಡಿದೆ. ಆ ಮಾತೊಂದನ್ನ ಬಿಟ್ಟು ಎಲ್ಲ ಮಾತಾಡಿದೆ.

ತಗಡಿನ ಶಾಲೆ. ಹತ್ತೊಂಬತ್ತು ಮಕ್ಕಳು ನೆಲದ ಮೇಲೆ ಕೂತಿದ್ದವು. ನಾನು, ಅಧ್ಯಕ್ಷರು, ಆ ಶಾಲೆಯ ಮೇಷ್ಟ್ರು ಹಿಂದಿನ ಗೋಡೆಗೆ ಒರಗಿ ಕೂತೆವು. ಪ್ರೊಫೆಸರು ನಿಲ್ಲಲಿಲ್ಲ, ಮಕ್ಕಳ ನಡುವೆ ನೆಲದ ಮೇಲೇ ಕೂತರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನ ನಾನು ಕೇಳೇ ಇರಲಿಲ್ಲ. ಮಕ್ಕಳು ಹತ್ತಿರ ಸರಿದವು. ಒಂದು ಕ್ಷಣ ನನಗೆ ಗಾಬರಿ ಆಯಿತು, ಈ ಮುದುಕ ಗೆದ್ದುಬಿಡ್ತಾನೆ ಅಂತ. ಅಷ್ಟರಲ್ಲಿ ನೋಟ್‌ಬುಕ್ ತೆಗೆದರು.

"ನಿನ್ನ ಹೆಸರೇನವ್ವಾ?"

ಮುಂದೆ ಕೂತಿದ್ದ ಪುಟ್ಟ ಹುಡುಗಿ ಹೇಳಿತು. ಇವರು ಬರೆದುಕೊಂಡರು. ಪಕ್ಕದ ಹುಡುಗನನ್ನ ಕೇಳಿದರು. ಅವನು ಪೆನ್ನನ್ನೇ ನೋಡುತ್ತಾ ಕಿರುಬೆರಳು ತೋರಿಸಿ, ಎದ್ದು ಹೊರಗೆ ಹೋದ. ಅವನ ಹಿಂದಿನವನೂ ಕಿರುಬೆರಳು ತೋರಿಸಿದ. ಆಮೇಲೆ ಬೆರಳೂ ಇಲ್ಲ ಏನೂ ಇಲ್ಲ, ಒಂದೊಂದಾಗಿ, ಆಮೇಲೆ ಗುಂಪಾಗಿ ಎದ್ದು ಹೋದವು. ಅಧ್ಯಕ್ಷರು ಬಾಯಿಗೆ ಟವೆಲ್ ಒತ್ತಿಕೊಂಡು, "ಏನ್ ಸಾ, ಎಲ್ಲಾವ್ಕೂ ಒಟ್ಗೇ ಬಂದ್ಬುಡ್ತಾ?" ಅಂತ ನನ್ನ ಕಿವಿಯಲ್ಲಿ ನಕ್ಕರು. ಹೆಸರು ಹೇಳಿದ ಆ ಹುಡುಗಿ ಮಾತ್ರ ಹೋಗಲಿಲ್ಲ. ಹೆಸರು ಆಗಲೇ ಬರೆದಾಗಿತ್ತಲ್ಲ. ಕೂತಲ್ಲೇ ಅಳೋಕೆ ಶುರು ಮಾಡಿತು.

"ನನ್ನೆಸ್ರು ಕಿತ್ತಾಕು" ಅಂತು.

ಪ್ರೊಫೆಸರು ನೋಟ್‌ಬುಕ್ ನೋಡಿದರು, ಹುಡುಗಿಯನ್ನ ನೋಡಿದರು. ಹಾಳೆ ಹರಿದು ಕೊಟ್ಟರು. ಅದನ್ನ ಮುದುರಿ ಬಾಯಿಗೆ ತುರುಕಿಕೊಂಡು ಅದೂ ಓಡಿಹೋಯಿತು.

ಗೋಡೆ ಹತ್ತಿರ ಕೂತಿದ್ದ ಮೇಷ್ಟ್ರು ಎದ್ದು ಕೈ ಮುಗಿದರು. "ತಪ್ ತಿಳ್ಕಬೇಡಿ ಸಾ. ಎಸ್ರು ಬರ್ದ್ರೆ ಇಲ್ಲಿ ಇಂಗೇಯ. ಓದ್ ವರ್ಷಾನೂ ಇಂಗೇ ಆಯ್ತು. ಈ ಲೆಚ್ಚರರ್ ಸಾಹೇಬ್ರಿಗೆ ಎಲ್ಲಾ ಗೊತ್ತು, ನಾನೇ ಹೇಳಿದ್ನಲ್ಲ. ನಿಮ್ಗೆ ಹೇಳ್ಳಿಲ್ವಾ ಅವ್ರು?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪ್ರೊಫೆಸರು ನೆಲದ ಮೇಲೆ ಕೂತೇ ನನ್ನ ಕಡೆ ತಿರುಗಿದರು. ಮಿರ್ಲೆಯಲ್ಲಿ ನೆನಪಾಗದ್ದು ಅಲ್ಲಿ ನೆನಪಾಯಿತೋ ಏನೋ. ಬೈಯಲಿಲ್ಲ. ನೋಟ್‌ಬುಕ್ಕನ್ನೂ ಜೇಬಿನ ಕೆಂಪು ಪೆನ್ನನ್ನೂ ನನ್ನ ಮುಂದೆ ಚಾಚಿದರು.

"ವೀಕ್ಷಕರು ನೀವು. ಬರೀರಿ."

ಬರೀಬಾರದಿತ್ತು. ಕೈ ಮುಗಿದು ಎದ್ದು ಹೊರಗೆ ಹೋಗಬಹುದಿತ್ತು. ಕಾಲು ಹಿಡಿಯಬಹುದಿತ್ತು. ನಾನು ಪೆನ್ನಿನ ಮುಚ್ಚಳ ತೆಗೆದು ಬರೆದೆ. "ಪಾಠ ನಡೆಯಿತು. ತರಗತಿಯಲ್ಲಿ ಯಾರೂ ಇರಲಿಲ್ಲ."

ಓದಿದರು. "ಸರಿಯಾಗಿ ಬರೆದಿದ್ದೀರಿ. ನನ್ನಿಂದ ಇದನ್ನೊಂದು ಕಲಿತ್ರಿ ಅಂತಾಯ್ತು" ಅಂದರು. ಗೋಡೆ ಹಿಡಿದುಕೊಂಡು ಎದ್ದರು, ನಾನು ಕೈ ಕೊಡೋಕೆ ಹೋದರೆ ಬೇಡ ಅಂದರು. ಆಮೇಲೆ ಅಧ್ಯಕ್ಷರ ಕಡೆ ತಿರುಗಿ, "ನಾನು ಬರಲ್ಲ. ನನಗೆ ಆಗಲಿಲ್ಲ, ನೀವೇ ನೋಡಿದ್ರಲ್ಲ. ಇವರನ್ನೇ ಮಾಡ್ಕೊಳ್ಳಿ. ಮಕ್ಕಳು ಯಾಕೆ ಓಡ್ತಾವೆ ಅಂತ ಗೊತ್ತಿದ್ದು ಬಾಯಿ ಮುಚ್ಕೊಂಡು ಕೂರೋ ಮನುಷ್ಯ ನಿಮ್ಮ ಕಾಲೇಜಿಗೆ ಬೇರೆಲ್ಲೂ ಸಿಗಲ್ಲ" ಅಂದರು.

ಅಧ್ಯಕ್ಷರು ಅದನ್ನ ಹೊಗಳಿಕೆ ಅಂತಲೇ ತಿಳಿದರು. "ನೋಡಿ ಸಾ, ಎಂತಾ ದೊಡ್ಡ ಮನ್ಸು!" ಅಂತ ಇವತ್ತಿಗೂ ಬಂದವರಿಗೆಲ್ಲ ಹೇಳ್ತಾರೆ. ಪ್ರೊಫೆಸರು ನಮ್ಮ ಕಾರು ಹತ್ತಲಿಲ್ಲ. ಕೋಟೆಯ ಬಸ್ಸಿಗೆ ಕಾಯುತ್ತಾ ರಸ್ತೆ ಬದಿ ನಿಂತಿದ್ದವರನ್ನ ದಾಟಿಕೊಂಡು ಬಂದೆವು.

ಆದರೆ ಅವರು ಕೊಟ್ಟ ಕವರು ನಮ್ಮಲ್ಲೇ ಇತ್ತು. ನನ್ನ ಡಾಕ್ಟರೇಟ್ ಬರೋವರೆಗೆ ಒಂದು ವರ್ಷ ಕೋರ್ಸಿನ ಮುಖ್ಯಸ್ಥರು ಅವರೇ, ಕಾಗದದಲ್ಲಿ. ಆ ಕಾಲದಲ್ಲಿ ಇಂಥದ್ದು ಹೊಸದೇನಲ್ಲ. ಮಾನ್ಯತೆ ಕೊಡೋರ ತಪಾಸಣೆ ದಿನಕ್ಕೆ ಕುರ್ಚಿ, ನಾಮಫಲಕ, ಟೇಬಲ್ಲಿನ ಮೇಲೆ ಕನ್ನಡಕದ ಡಬ್ಬಿ ಎಲ್ಲ ಜೋಡಿಸಿ, ಸಾಹೇಬರು ಮೈಸೂರಿಗೆ ಹೋಗಿದ್ದಾರೆ ಅಂದರೆ ಮುಗೀತು. ಹಾಜರಿ ಪುಸ್ತಕದಲ್ಲಿ ಅವರ ಸಹಿ ನಾನೇ ಹಾಕುತ್ತಿದ್ದೆ. ಕಷ್ಟವೇನೂ ಆಗಲಿಲ್ಲ. ನನ್ನ ಹಳೇ ವೀಕ್ಷಣಾ ಪುಸ್ತಕದಲ್ಲಿ ಆ ಸಹಿ ಇತ್ತು, ಹನ್ನೆರಡು ವರ್ಷ ಅದನ್ನ ನೋಡಿ ನೋಡಿ ಕೈಗೇ ಬಂದುಬಿಟ್ಟಿತ್ತು. ನಾನು ಆ ಕುರ್ಚಿಗೆ ಬಂದ ಮೇಲೆ, 'ಸಂಸ್ಥಾಪಕ ಮುಖ್ಯಸ್ಥರು' ಅಂತ ಅವರ ಫೋಟೋ ಮಾಡಿಸಿ ಹಿಂದೆ ತೂಗುಹಾಕಿದೆ. ಅರ್ಜಿಗೆ ಅಂಟಿಸಿದ್ದ ಫೋಟೋವನ್ನೇ ದೊಡ್ಡದು ಮಾಡಿಸಿದ್ದು.

ಅವರು ಸತ್ತ ತಿಂಗಳಿಗೆ ಮಗಳು ಬಂದರು. ಕೆ.ಆರ್. ನಗರದ ಕಡೆ ಪ್ರೈಮರಿ ಶಾಲೆಯಲ್ಲಿ ಟೀಚರು, ಅಪ್ಪನ ಹಾಗೇ ಎತ್ತರ. ಫೋಟೋ ನೋಡಿ ನಿಂತೇ ಇದ್ದರು.

"ಅಪ್ಪ ಇಲ್ಲಿ ಒಂದು ದಿನಾನೂ ಕೆಲಸ ಮಾಡಿಲ್ಲ ಅಲ್ವಾ ಸಾರ್? ಯಾರೋ ಹೇಳಿದ್ರು ಫೋಟೋ ಇದೆ ಅಂತ, ನಾನು ನಂಬಿರಲಿಲ್ಲ. ದಯವಿಟ್ಟು ಇಳಿಸಿ ಕೊಟ್ಬಿಡಿ, ತಗೊಂಡು ಹೋಗ್ತೀನಿ."

ಕುಡಿಯೋಕೆ ನೀರು ಕೊಟ್ಟೆ. ಅವರೇ ಮಾತಾಡಿದರು. ಅಪ್ಪ ಕೊನೇ ಎರಡು ವರ್ಷ ಪ್ರತಿ ಗುರುವಾರ ಮೂರು ಬಸ್ಸು ಬದಲಾಯಿಸಿ ಆ ಹಾಡಿ ಶಾಲೆಗೆ ಹೋಗುತ್ತಿದ್ದರಂತೆ. ಪೆನ್ನು ಪುಸ್ತಕ ಮನೆಯಲ್ಲೇ ಬಿಟ್ಟು ಹೋಗೋರಂತೆ. ಮೊದಲ ಮೂರು ತಿಂಗಳು ಬರೀ ಜಗಲಿ ಮೇಲೆ ಕೂತು ಬಂದರಂತೆ, ಆಮೇಲೆ ಮಕ್ಕಳೇ ಬಂದು ಹೆಸರು ಹೇಳಿದವಂತೆ. "ಯಾರು ಕಳಿಸಿದ್ದು ನಿಮ್ಮನ್ನ ಅಲ್ಲಿಗೆ ಅಂತ ಕೇಳಿದ್ರೆ, ನನ್ನ ಸ್ಟೂಡೆಂಟ್ ಒಬ್ರು ಅನ್ನೋರು. ಹೆಸರು ಹೇಳ್ತಿರಲಿಲ್ಲ" ಅಂದರು.

ನಾನು ಎದ್ದು ಫೋಟೋದ ಮೊಳೆಗೆ ಕೈ ಹಾಕಿದೆ. ಹಾಕಿದವನು, ಹಾಗೇ ಕೈ ತೆಗೆದೆ. "ಅಮ್ಮಾ, ಬರೋ ವಾರ ತಪಾಸಣೆ ಇದೆ. ಅದು ಮುಗೀಲಿ, ನಾನೇ ಮಿರ್ಲೆಗೆ ತಂದುಕೊಡ್ತೀನಿ" ಅಂದೆ. ಆಮೇಲೆ ಎಷ್ಟು ತಪಾಸಣೆ ಬಂದು ಹೋದವೋ. ಫೋಟೋ ಅಲ್ಲೇ ಇದೆ.

ಮಗಳು ಸರಿ ಅಂತ ಬ್ಯಾಗು ತಗೊಂಡು ಹೊರಟರು. ಅವತ್ತು ಶನಿವಾರ, ಹೆಡ್‌ಮಾಸ್ಟರುಗಳ ಕೋರ್ಸಿನ ದಿನ. ಬೆಳಗ್ಗೆ ಇಪ್ಪತ್ತಮೂರು ಜನ ಬಂದು, ಹಾಜರಿಗೆ ಸಹಿ ಹಾಕಿ, ಅವರವರ ಕೆಲಸಕ್ಕೆ ಹೋಗಿಯಾಗಿತ್ತು. ಮಗಳು ಹೋಗುವಾಗ ಕ್ಲಾಸ್ ರೂಮಿನ ಬಾಗಿಲ ಹತ್ತಿರ ನಿಂತರು. ಕರಿಹಲಗೆ ಮೇಲೆ ಆ ದಿನದ ಪಾಠದ ಹೆಸರು ನನ್ನ ಕೈಬರಹದಲ್ಲಿತ್ತು. ಬೆಂಚುಗಳನ್ನ ಒಂದು ಸಲ ನೋಡಿದರು.

"ಇವತ್ತು ಕ್ಲಾಸಿಲ್ವಾ ಸಾರ್?"

"ನಡೀತಾ ಇದೆಯಲ್ಲಮ್ಮ" ಅಂದೆ.